ಬೀಳುವ ಕಡೆ ನಿಂತವನು

ಜೆಂಟಾಳ ಮುಖ ಬಹಳ ವರ್ಷ ನನಗೆ ಸರಿಯಾಗಿ ಗೊತ್ತಿರಲಿಲ್ಲ.
ನನ್ನ ಕೆಲಸ ಮೈದಾನದ ಈ ತುದಿ, ಈಟಿ ಬೀಳುವ ಕಡೆ:
ಒಂದು ಕೈಯಲ್ಲಿ ಗುರುತಿನ ಮೊಳೆ,
ಇನ್ನೊಂದರಲ್ಲಿ ಟೇಪಿನ ಸೊನ್ನೆ.
ಅತ್ತ ತುದಿಯಲ್ಲಿ ಅವಳು, ಹೆಬ್ಬೆರಳುದ್ದದ ಹುಡುಗಿ,
ಓಡಿ, ಅಡ್ಡಹೆಜ್ಜೆ, ಅಡ್ಡಹೆಜ್ಜೆ,
ಗಕ್ಕನೆ ಗೆರೆಯ ಹಿಂದೆ ನಿಂತು—
ಮೊದಲು ಕೂಗು ಬಂದು ಮುಟ್ಟುವುದು,
ಆಮೇಲೆ ಈಟಿ.

ಕುಲ್ಡೀಗದಲ್ಲಿ ವೆಂಟಾ ನದಿ ಊರಗಲ ಹರಡಿಕೊಂಡು
ಒಂದಾಳೆತ್ತರ ಧುಮುಕುತ್ತದೆ. ಅಷ್ಟಕ್ಕೇ ನಮಗೆ ಜಂಬ.
ವಸಂತದಲ್ಲಿ ವಿಂಬಾ ಮೀನುಗಳು ಎದುರೀಜಿ ಬಂದು
ಆ ನೀರಗೋಡೆಗೆ ನೆಗೆಯುತ್ತವೆ, ಬೀಳುತ್ತವೆ, ನೆಗೆಯುತ್ತವೆ.
ಆ ಮೀನು ನೋಡಿ ಎಸೆಯಲು ಕಲಿತಳೆಂದು
ರೀಗಾದ ಪತ್ರಿಕೆ ಬರೆಯಿತು. ಬುರುಡೆ.
ಹ್ಯಾಂಡ್‌ಬಾಲ್ ತಂಡದಲ್ಲಿ ಜಗಳವಾಡಿ ಹೊರಬಿದ್ದವಳಿಗೆ
ಮೇಷ್ಟ್ರು ಆರ್ವಿಡ್ಸ್ ಉಗ್ರಾಣದಿಂದ
ಸೊಟ್ಟ ಈಟಿಯೊಂದನ್ನು ತಂದುಕೊಟ್ಟು
‘ಇನ್ನು ಇದರ ಜೊತೆ ಆಡು ಜಗಳ’ ಅಂದರು.

ಮೊದಲ ಎಸೆತ ಮಲಗಿಕೊಂಡು ಬಿತ್ತು.
ಮೂಗು ಮೊದಲು ಮಣ್ಣು ಮುಟ್ಟಬೇಕು, ಅದು ನಿಯಮ.
ಕೆಂಪು ಬಾವುಟ ಎತ್ತಿದವನು ನಾನೇ.
ಅಷ್ಟು ದೂರದಿಂದಲೂ ಬೈದದ್ದು ಕೇಳಿಸಿತು.

ಮೂವತ್ತೆಂಟು. ನಲವತ್ತೈದು. ಐವತ್ತೆರಡು.
ವರ್ಷವರ್ಷ ಮಾರು ಮಾರು ಹಿಂದೆ ಸರಿದು ನಿಂತೆ.
ಒಬ್ಬಳು ಬೆಳೆದದ್ದು ನನಗೆ ತಿಳಿದದ್ದು ಹೀಗೆ:
ಬೆನ್ನಿಗೆ ಬೇಲಿ ಹತ್ತಿರವಾಗುತ್ತ.

ಆಮೇಲೆ ಸುಖುಮಿಯ ಶಿಬಿರ, ಕೀವ್, ಲೈಪ್‌ಜಿಗ್,
ಎದೆಯ ಮೇಲೆ ನಾಲ್ಕಕ್ಷರ, ಒಂದೂ ನಮ್ಮ ನುಡಿಯದಲ್ಲ.
ಮೊಣಕೈಗೆ ಸೂಜಿ, ಸೂಜಿ ಕೆಲಸ ಮಾಡದ ದಿನ
ಕುದುರೆಗೆ ಹಚ್ಚುವ ಮುಲಾಮು.
ಮಾಸ್ಕೋದ ಆ ಬೇಸಿಗೆಗೆ ಮೂವರು ಸಾಕಿತ್ತು.
ಇವಳು ನಾಲ್ಕನೆಯವಳು. ಕಡಿಮೆಯಾದದ್ದು ಒಂದು ಗೇಣು.
ಆ ಗೇಣು ನಾನು ಅಳೆದದ್ದಲ್ಲ;
ಆದರೂ ರೇಡಿಯೋ ಆರಿಸಿ
ನನ್ನ ಕೈ ಬಿಡಿಸಿ ನೋಡಿಕೊಂಡೆ.

ಮರುವರ್ಷ ಜೂನ್, ವಾಲ್ಮಿಯೆರಾ.
ರಾತ್ರಿ ಹತ್ತಾದರೂ ಬೆಳಕು ಆರದ ಹೊತ್ತು.
ಈಟಿ ನನ್ನ ತಲೆಯ ಮೇಲೇ ಹೋಯಿತು.
ಸಿಳ್ಳಿನಂಥ ಸದ್ದು, ಬಾಲದಲ್ಲಿ ಸಣ್ಣ ನಡುಕ.
ಓಡಿದೆ, ಟೊಪ್ಪಿ ಬಿತ್ತು, ಬೀಳಲಿ ಬಿಟ್ಟೆ.
ಅರವತ್ತನಾಲ್ಕು ಮೀಟರು, ಮೂವತ್ತೆಂಟು ಸೆಂಟಿ.
ನೋಡಿದವರು ನಲವತ್ತು ಜನ, ಒಂದು ನಾಯಿ.
ಅವಳ ಬಾಳಿನ ಅತಿ ದೂರ
ಹೆಬ್ಬೆರಳು ಹಿಡಿಸುವಷ್ಟು ಒಂದು ತೂತು.
ಬೆಳಗಾಗುವಷ್ಟರಲ್ಲಿ ಹುಲ್ಲು ಮುಚ್ಚಿಕೊಂಡಿತು.

ಅಲ್ಲಿಂದ ನಾನು ಮುಂದೆ ಬರತೊಡಗಿದೆ.
ಅರವತ್ತು. ಐವತ್ತಾರು. ಭುಜ ಹರಿದ ವರ್ಷ ಐವತ್ತು.
ಮಗು ಹೆತ್ತು ಬಂದ ವರ್ಷ ನಲವತ್ತೇಳು.
ಆಗ ಕಂಡಿತು: ಎಡಹುಬ್ಬಿನ ಹಳೆಯ ಗಾಯ,
ಎಸೆಯುವ ಮುನ್ನ ಕೆಳತುಟಿ ಕಚ್ಚುವುದು,
ಎಸೆದ ಮೇಲೆ ಈಟಿಯನ್ನು ನೋಡದೆ
ನನ್ನ ಕಡೆ ನೋಡುವುದು,
ಎಲ್ಲಿಗೆ ಓಡುತ್ತಾನೆ ಇವನು ಎಂದು.
ಇಷ್ಟು ವರ್ಷವೂ ಹಾಗೇ ನೋಡುತ್ತಿದ್ದಳೋ ಏನೋ.

ದೇಶ ಬದಲಾಯಿತು, ಬಾವುಟ ಬದಲಾಯಿತು.
ಕೊನೆಗೆ ಈಟಿಯೇ ಬದಲಾಯಿತು: ತೂಕ ಮುಂದಕ್ಕೆ ಸರಿಸಿದರು,
ಬೇಗ ಮೂಗು ಕೆಳಗೆ ಮಾಡಲಿ ಎಂದು.
ಹಳೆಯ ಅಂಕೆಗಳಿಗೆಲ್ಲ ಬೇರೆ ಪುಸ್ತಕ, ಅದಕ್ಕೆ ಬೀಗ.
ಬ್ರೆಡ್ಡಿನಂಗಡಿಯ ಗಲ್ಲಾದ ಹಿಂದೆ ಕೂತು
‘ಬದುಕಿದೆ, ಇನ್ನು ಯಾವಳೂ ನನ್ನನ್ನು ಮುರಿಯುವಂತಿಲ್ಲ’
ಎಂದು ನಕ್ಕಳು; ನಕ್ಕು,
ಚಿಲ್ಲರೆ ತಪ್ಪು ಎಣಿಸಿದಳು.

ಹೋದ ಶನಿವಾರ ಶಾಲೆಯ ಮಕ್ಕಳ ಸ್ಪರ್ಧೆ.
ಸಹಾಯಕ್ಕೆ ಬಂದವಳು ಗೆರೆಯ ಹತ್ತಿರ ನಿಲ್ಲಲಿಲ್ಲ,
ಸೀದಾ ನಾನಿದ್ದಲ್ಲಿಗೆ ನಡೆದು ಬಂದಳು,
ಊರೊಳಗೆ ಹಾಕುವ ಚಪ್ಪಲಿಯಲ್ಲೇ.
ದೂರದಲ್ಲಿ ಯಾವುದೋ ಹುಡುಗಿ,
ಹೆಬ್ಬೆರಳುದ್ದದವಳು, ಓಡತೊಡಗಿದ್ದಳು.
ಜೆಂಟಾ ಕಾಲು ನೋಡಿಕೊಂಡು ಹೇಳಿದಳು:
‘ಈ ಕಡೆ ಹುಲ್ಲು ಇಷ್ಟು ಒದ್ದೆಯೆಂದು
ನೀನು ಒಮ್ಮೆಯೂ ಹೇಳಲಿಲ್ಲ.’